ನಾನು ತಿದ್ದಿದ ಗಾಂಧಾರ

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ನಮ್ಮ ಸಂಗೀತದ ಮೇಷ್ಟ್ರು ಮೈಸೂರಿನಿಂದ ಪೊನ್ನಂಪೇಟೆಯ ಶಾಲೆಗೆ ಬಂದು ಅಲ್ಲೇ ಉಳಿದವರು. ಒಂಟಿ ಜೀವ. ಶಾಲೆಯಲ್ಲಿ ನಮಗೆ ಸರಳೆ, ಜಂಟಿವರಸೆಯ ಮೊದಲ ಪಾಠಗಳು. ಮನೆಯಲ್ಲಿ ಪಿಟೀಲು ಹಿಡಿದು ತಮ್ಮದೇ ಹೊಸ ರಚನೆ. ಅದರಲ್ಲಿ ರಾಗ ಅರ್ಧಕ್ಕೇ ಹೊರಳುತ್ತಿತ್ತು, ತಾಳ ಕುಂಟುತ್ತಿತ್ತು. "ಏನು ಮೇಷ್ಟ್ರೇ, ಇವತ್ತು ಪಿಟೀಲು ಎಲ್ಲಿ ದಾರಿ ತಪ್ಪಿತು?" ಎಂದು ಲೆಕ್ಕದ ಮೇಷ್ಟ್ರು ಕೆಣಕಿದರೆ ನಕ್ಕುಬಿಡುತ್ತಿದ್ದರು.

ನಾನು ಹುದಿಕೇರಿ ಬಳಿಯ ಎಸ್ಟೇಟಿನಲ್ಲಿ ಲೆಕ್ಕಪತ್ರ ಬರೆಯುವ ರೈಟರ ಮಗಳು. ನನ್ನ ಅಕ್ಷರ ಮುತ್ತಿನಂತಿತ್ತು, ಅದರ ಜಂಭವೂ ಇತ್ತು. ಮೇಷ್ಟ್ರ ಕಣ್ಣಿಗೆ ಪೊರೆ ಬಂದಾಗ, ಅವರು ವರ್ಷಗಟ್ಟಲೆ ಕೂತು ಕಟ್ಟಿದ ಒಂದು ಕೃತಿಯನ್ನು ನಕಲು ಮಾಡುವ ಕೆಲಸ ನನಗೆ ಬಿತ್ತು. ಮೈಸೂರಿನ ಒಂದು ಸಂಗೀತ ಸಭೆ ಹೊಸ ರಚನೆಗಳನ್ನು ಬರೆದು ಕಳಿಸಿ ಎಂದು ಕೇಳಿತ್ತು. "ಇದೊಂದು ಅವರ ಕಿವಿಗೆ ಬಿದ್ದರೆ ಸಾಕು ಕಣಮ್ಮ, ಇಷ್ಟು ದಿನ ಬದುಕಿದ್ದಕ್ಕೂ ಸಾರ್ಥಕ" ಅಂದರು.

ಕೃತಿ ಮೋಹನ ರಾಗದ್ದು. ಮೂರನೇ ಸಾಲಿನಲ್ಲಿ ನನ್ನ ಪೆನ್ನು ನಿಂತಿತು. ರಾಗದ ಗಾಂಧಾರಕ್ಕೆ ಅಂಟಿಕೊಂಡೇ, ರಾಗಕ್ಕೆ ಸೇರದ ಇನ್ನೊಂದು ಗಾಂಧಾರ ಕೂತಿತ್ತು. ಎಂಟಕ್ಕೆ ಮುಗಿಯಬೇಕಾದ ತಾಳ ಏಳಕ್ಕೇ ಮುಗಿದಿತ್ತು. ಇಂಥವು ಪುಟಪುಟಕ್ಕೂ ಇದ್ದವು. ಕಣ್ಣು ಕಾಣದೆ ಬರೆದಿದ್ದಾರೆ ಎಂದುಕೊಂಡೆ. ಇಲ್ಲ, ಅದು ಸುಳ್ಳು. ಅವರ ಸಂಗೀತ ಹೀಗೇ ಎಂದು ನನಗೆ ಗೊತ್ತಿತ್ತು. ವಿದ್ವಾಂಸರ ಮುಂದೆ ಅವರು ನಗೆಪಾಟಲಾಗುವುದು ಬೇಡವಾಗಿತ್ತು, ಅಷ್ಟೇ. ಅನ್ಯಸ್ವರ ಹಾಡಿದರೆ ಬೆರಳಿಗೆ ಹೊಡೆದು ತಿದ್ದಿದವರೂ ಅವರೇ ತಾನೆ?

ಎಲ್ಲವನ್ನೂ ತಿದ್ದಿದೆ. ಏಳಿದ್ದಲ್ಲಿ ಒಂದು ಸ್ವರ ಎಳೆದು ಎಂಟು ಮಾಡಿದೆ. ಗುರುವಿಗೇ ತಿರುಮಂತ್ರ. ಒಂದು ಪ್ರತಿ ಅಂಚೆಗೆ ಹೋಯಿತು, ಇನ್ನೊಂದು ನನ್ನಲ್ಲಿ ಉಳಿಯಿತು. "ನಿನ್ನ ಪ್ರತಿ ಇದೆಯಲ್ಲ" ಎಂದು ಮೇಷ್ಟ್ರು ತಮ್ಮ ಹಾಳೆಗಳನ್ನು ಬಚ್ಚಲ ಒಲೆಗೆ ಹಾಕಿದರು. ತಡೆಯುವ ಬುದ್ಧಿ ನನಗೆ ಬರಲಿಲ್ಲ.

ಕೆಲವು ತಿಂಗಳ ಮೇಲೆ ಬಂದ ಉತ್ತರವನ್ನು ನಾನೇ ಓದಿದೆ. ಕೃತಿ ಲಕ್ಷಣವಾಗಿದೆ, ಸಂಪ್ರದಾಯಬದ್ಧವಾಗಿದೆ, ಆದರೆ ಹೊಸತೇನೂ ಕಾಣಲಿಲ್ಲ ಎಂದಿತ್ತು. ಮೇಷ್ಟ್ರು ಎರಡು ಸಲ ಓದಿಸಿದರು.

"ನಿನ್ನ ಹತ್ತಿರ ಇರೋದನ್ನ ತಗೊಂಡು ಹಾಡು" ಅಂದರು.

ಹಾಡಿದೆ. ಮೂರನೇ ಸಾಲಿಗೆ ಅವರ ತಾಳದ ಕೈ ತೊಡೆಯ ಮೇಲೆ ನಿಂತುಹೋಯಿತು. ಎಲ್ಲ ಹೇಳಿಬಿಟ್ಟೆ. ಬೈಯಲಿ ಎಂದು ಕಾದೆ, ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಪಾಠ ಚೆನ್ನಾಗೇ ಹೇಳಿಕೊಟ್ಟಿದ್ದೀನಿ ನಿನಗೆ" ಅಂದರು.

ನುಡಿಸಿ ಸಾರ್, ಮತ್ತೆ ಬರೆದುಕೊಳ್ಳುತ್ತೇನೆ ಎಂದು ಕಾಲು ಹಿಡಿದೆ. ಬರೆದಿಟ್ಟದ್ದನ್ನು ತಲೆಯಲ್ಲಿ ಹೊತ್ತು ತಿರುಗುವ ಅಭ್ಯಾಸ ಅವರಿಗಿರಲಿಲ್ಲ. ಒಂದು ವಾರ ಒದ್ದಾಡಿದರು. ಮೊದಲ ಕೆಲವು ಸಾಲು ಹೇಗೋ ಬಂದವು. ಆಮೇಲೆ ಕಮಾನು ಎಳೆದರೆ ನಾನು ತಿದ್ದಿದ್ದೇ ಬರುತ್ತಿತ್ತು.

"ನೀನು ಹಾಡಿದ್ದು ಕಿವಿಯಲ್ಲಿ ಕೂತುಬಿಟ್ಟಿದೆ ಕಣಮ್ಮ. ನನ್ನದು ಸಿಗ್ತಾ ಇಲ್ಲ" ಎಂದು ಪಿಟೀಲನ್ನು ಕೆಳಗಿಟ್ಟರು.

ಮುಂದಿನ ಮಳೆಗಾಲದಲ್ಲಿ ತೀರಿಕೊಂಡರು. ಅವರ ರಚನೆ ಎಂದು ಉಳಿದಿರುವುದು ನನ್ನ ಪ್ರತಿಯೊಂದೇ. ಶಾಲೆಯ ಮಕ್ಕಳು ಅವರ ಹೆಸರು ಹೇಳಿ ಅದನ್ನು ಹಾಡುತ್ತಾರೆ, ಕೇಳಿದವರು ಎಷ್ಟು ಸೊಗಸಾಗಿದೆ ಎನ್ನುತ್ತಾರೆ. ನನಗೆ ಅಲ್ಲಿ ಕೂತಿರಲು ಆಗುವುದಿಲ್ಲ.