ಮೈಥಿಲಿ ಎಳೆದ ಗೆರೆ, ವ್ಯಾಸರಾಜ ತೇಲಿಸಿದ ದೋಣಿ

ಅಮೆರಿಕದ ಪಶ್ಚಿಮ ಕರಾವಳಿಯ ನೆವಾರ್ಕಿನ ಮೈಥಿಲಿಯನ್ನು ಬಲ್ಲವರೆಲ್ಲ ಅವಳನ್ನು ಸಾಧು ಹೆಂಗಸು ಅನ್ನುತ್ತಿದ್ದರು. ಸಾಧುವಂತೆ, ಸಾಧು! ಎಂಟು ತಿಂಗಳು ಹಲ್ಲು ಕಚ್ಚಿಕೊಂಡು, ಗಂಡನಿಗೆ ಹೊತ್ತು ಹೊತ್ತಿಗೆ ಕಾಫಿ ಬೆರೆಸಿ ಕೊಡುತ್ತ, ಅವನ ಮಾನ ತೆಗೆಯುವುದಕ್ಕೆಂದೇ ಪೆನ್ಸಿಲು ಚೂಪು ಮಾಡುತ್ತಿದ್ದವಳನ್ನು ಸಾಧು ಅನ್ನುವುದಾದರೆ ಅನ್ನಲಿ ಬಿಡಿ.

ಮೈಸೂರಿನಲ್ಲಿ ಡ್ರಾಫ್ಟಿಂಗ್ ಡಿಪ್ಲೊಮಾ ಮುಗಿಸಿ, ಕೊಚ್ಚಿಯಲ್ಲಿ ಹಡಗು ಕಟ್ಟುವ ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನಲ್ಲಿ ಮೂರು ವರ್ಷ ನಕ್ಷೆ ಹಾಕಿದವಳು ಅವಳು. ಎಪ್ಪತ್ತಾರರಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ವ್ಯಾಸರಾಜನನ್ನು ಮದುವೆಯಾಗಿ ಅಮೆರಿಕಕ್ಕೆ ಬಂದಳು. ಎರಡು ವರ್ಷದ ಮೇಲೆ ಓಕ್ಲೆಂಡ್ ಕಡೆ ಹಡಗು ರಿಪೇರಿ ಮಾಡುವ ಕಂಪನಿಯೊಂದಕ್ಕೆ ಅರ್ಜಿ ಹಾಕಿದಳು. ಅಲ್ಲಿನ ಮುಖ್ಯಸ್ಥ ಅವಳ ನಕ್ಷೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ಕೈಕುಲುಕಿ, ವಾರದೊಳಗೆ ತಿಳಿಸುತ್ತೇವೆ ಎಂದು ಕಳಿಸಿಕೊಟ್ಟ. ತಿಂಗಳಾಯಿತು, ಎರಡು ತಿಂಗಳಾಯಿತು, ಉತ್ತರವೇ ಇಲ್ಲ. ನನ್ನ ಕೆಲಸ ಇಲ್ಲಿಯವರ ಮಟ್ಟಕ್ಕಿಲ್ಲ ಎಂದುಕೊಂಡು ಮೈಥಿಲಿ ಸ್ಕೇಲು ಪೆನ್ಸಿಲುಗಳನ್ನು ಪೆಟ್ಟಿಗೆಗೆ ಹಾಕಿ ಬಟ್ಟೆ ಇಡುವ ಕ್ಲಾಸೆಟ್ಟಿಗೆ ಸೇರಿಸಿದಳು.

ಅಷ್ಟಕ್ಕೇ ಮುಗಿದಿದ್ದರೆ ಸಹಿಸಬಹುದಿತ್ತು. ಶನಿವಾರ ಬಂತೆಂದರೆ ಯಾರಾದರೊಬ್ಬರ ಮನೆಯಲ್ಲಿ ಕನ್ನಡದವರ ಊಟ. ಊಟ ಮುಗಿಯುವುದರೊಳಗೆ ವ್ಯಾಸರಾಜನ ಬಾಯಿಂದ ಅದೇ ಮಾತು.

"ಪಾಪ, ನಮ್ಮ ಮೈಥಿಲೀನೂ ಟ್ರೈ ಮಾಡಿದ್ಳು. ಯಾರೂ ತಗೊಳ್ಲಿಲ್ಲ. ಇಲ್ಲಿಯವರ ಸ್ಟ್ಯಾಂಡರ್ಡೇ ಬೇರೆ ನೋಡಿ. ಹೋಗ್ಲಿ ಬಿಡೇ, ಆರಾಮಾಗಿ ಮನೇಲಿರು ಅಂದೆ."

ಎಂಥ ಒಳ್ಳೆ ಗಂಡ ಎಂದು ಹೆಂಗಸರು ತಲೆದೂಗುತ್ತಿದ್ದರು. ಮೈಥಿಲಿ ತಲೆ ತಗ್ಗಿಸಿ ಸಾರು ಬಡಿಸುತ್ತಿದ್ದಳು. ಹೀಗೆ ಒಂಬತ್ತು ವರ್ಷ.

ಎಂಬತ್ತಾರರಲ್ಲಿ ವ್ಯಾಸರಾಜ ಆಫೀಸಿನ ಕೆಲಸದ ಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿಗೆ ಹೋದ. ಅಲ್ಲಿನ ಕಾಲುವೆಗಳಲ್ಲಿ ಓಡಾಡುವ ನ್ಯಾರೋಬೋಟುಗಳನ್ನು ಕಂಡು ಹುಚ್ಚು ಹತ್ತಿಸಿಕೊಂಡು ಬಂದ. ಏಳಡಿ ಅಗಲ, ನಲವತ್ತಡಿ ಉದ್ದ, ಸಪಾಟು ತಳ. ಒಳಗೆ ರೈಲುಡಬ್ಬಿಯ ಹಾಗೆ ಅಡುಗೆಮನೆ, ಮಂಚ, ಬಾತ್‌ರೂಮು ಎಲ್ಲ ಒಂದರ ಹಿಂದೊಂದು. ಅಮೆರಿಕದಲ್ಲಿ ಯಾವ ಕನ್ನಡದವನ ಹತ್ತಿರವೂ ಇಲ್ಲದ್ದು ತನ್ನ ಹತ್ತಿರ ಇರಬೇಕು, ಅದನ್ನು ಹೇಳಿ ಮಾಡಿಸಬೇಕು! ಹತ್ತಿರದಲ್ಲೇ ಕೊಲ್ಲಿಯ ದಡದಲ್ಲಿರುವ ಆಲ್ವಿಸೊದಲ್ಲಿ ಮ್ಯಾನಿ ಎಂಬ ವೆಲ್ಡರನನ್ನು ಹಿಡಿದು ಉಕ್ಕಿನ ದೋಣಿಗೆ ಹೇಳಿದ. ಒಳಗಿನ ನಕ್ಷೆಗೆ ಯಾರು ಎಂಬ ಪ್ರಶ್ನೆ ಬಂದಾಗ ಹೆಂಡತಿಯ ಕಡೆ ತಿರುಗಿದ.

"ನೀನೇ ಗೀಚ್ಕೊಡೇ. ಅಡುಗೆಮನೆ, ಮಂಚ, ಕಪಾಟು, ಅಷ್ಟೇ ತಾನೇ? ಹೆಂಗಸರಿಗೆ ಗೊತ್ತಿರೋದೇ ಅದು. ನನ್ನ ಫೈಲ್ ಕ್ಯಾಬಿನೆಟ್ಟಲ್ಲಿ ಬರ್ಮಿಂಗ್‌ಹ್ಯಾಮಿನ ಫೋಟೋ ಇವೆ, ತಕ್ಕೊ."

ಯಾವ ಕಾಗದವನ್ನೂ ಎಸೆಯುವ ಜಾಯಮಾನವಲ್ಲ ವ್ಯಾಸರಾಜನದು. ಎಲ್ಲಕ್ಕೂ ತೂತು ಹೊಡೆದು ಫೈಲಿಗೆ ಸೇರಿಸುತ್ತಿದ್ದ. ಫೋಟೋ ಹುಡುಕುತ್ತಿದ್ದ ಮೈಥಿಲಿಗೆ ಎಪ್ಪತ್ತೆಂಟರ ಫೈಲಿನಲ್ಲಿ ತನ್ನದೇ ಹೆಸರಿನ ಕಾಗದವೊಂದು ಸಿಕ್ಕಿತು. ಓಕ್ಲೆಂಡಿನ ಕಂಪನಿಯದು. ನಾವು ಕೊಟ್ಟ ಸೀನಿಯರ್ ಡ್ರಾಫ್ಟರ್ ಹುದ್ದೆ ನಿಮಗೆ ಬೇಡವೆಂದು ನಿಮ್ಮ ಪತಿ ಫೋನಿನಲ್ಲಿ ತಿಳಿಸಿದರು, ನಮಗೆ ಬಹಳ ಬೇಸರವಾಗಿದೆ, ಮನಸ್ಸು ಬದಲಾದರೆ ದಯವಿಟ್ಟು ಬನ್ನಿ ಎಂದು ಬರೆದಿತ್ತು.

ಮೈಥಿಲಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಅಯ್ಯೋ ಪಾಪಿ! ಕೆಲಸ ತಪ್ಪಿಸಿದ್ದು ಹಾಗಿರಲಿ, ತಪ್ಪಿಸಿದವನೇ ಊರ ಮುಂದೆ ಕೂತು ಎಂಟು ವರ್ಷ ಪಾಪ, ಪಾಪ ಅಂದನಲ್ಲ! ಆ ಸಂಜೆಯೇ ಕಾಗದವನ್ನು ಅವನ ಮುಖದ ಮೇಲೆ ಎಸೆಯಬೇಕೆಂದುಕೊಂಡು ಎದ್ದವಳು, ಎದ್ದ ಹಾಗೇ ಮತ್ತೆ ಕೂತಳು. ಅಡುಗೆಮನೆಯಲ್ಲಿ ಕೂಗಾಡಿದರೆ ಕೇಳುವವರು ಯಾರು? ಸಾರಿ ಕಣೇ ಅನ್ನುತ್ತಾನೆ, ಶನಿವಾರ ಮತ್ತೆ ಪಾಪ ಅನ್ನುತ್ತಾನೆ. ನಾಲ್ಕು ಜನರ ಮುಂದೆ ಆಡಿದ ಸುಳ್ಳನ್ನು ಅದೇ ನಾಲ್ಕು ಜನರ ಮುಂದೆ ಅವನ ಬಾಯಿಂದಲೇ ಕಕ್ಕಿಸಬೇಕು. ಕಾಗದವನ್ನು ಸೀರೆಗಳ ನಡುವೆ ಇಟ್ಟು, ಕ್ಲಾಸೆಟ್ಟಿನಿಂದ ಪೆನ್ಸಿಲಿನ ಪೆಟ್ಟಿಗೆ ಇಳಿಸಿದಳು.

ನಕ್ಷೆ ಹಾಕಿದ್ದು ಮಾತ್ರ ಅಚ್ಚುಕಟ್ಟಾಗಿಯೇ. ಸೇಡಿಗೆಂದು ಒಂದು ಗೆರೆಯನ್ನೂ ಕೆಡಿಸಲಿಲ್ಲ. ಮಡಿಸಿದರೆ ಗೋಡೆಯಾಗುವ ಊಟದ ಮೇಜು, ಕೆಳಗೆ ಅಕ್ಕಿ ಡಬ್ಬ ಹಿಡಿಯುವ ಬೆಂಚು, ಎರಡು ಒಲೆ, ಇಡ್ಲಿ ಪಾತ್ರೆಯ ಎತ್ತರ ಅಳೆದು ಮಾಡಿದ ಕಪಾಟು. ನಾಲ್ಕನೆಯ ಹಾಳೆ ಬ್ಯಾಲಸ್ಟಿನದು, ಅಂದರೆ ದೋಣಿಯ ತಳಕ್ಕೆ ಹೇರುವ ಭಾರದ್ದು. ಖಾಲಿ ದೋಣಿ ನೀರಿನ ಮೇಲೆ ಎದ್ದು ನಿಲ್ಲುತ್ತದೆ, ಒಳಗಿದ್ದವರು ಅಲುಗಾಡಿದರೆ ಹೊಯ್ದಾಡುತ್ತದೆ. ದೋಣಿಯನ್ನು ಮುಂದಕ್ಕೆ ತಳ್ಳುವ ಹಿಂಬದಿಯ ಪ್ರೊಪೆಲರು ಸರಿಯಾಗಿ ಮುಳುಗಬೇಕಾದರೆ ನೆಲಹಲಗೆಯ ಕೆಳಗೆ ಮೂರು ಟನ್ನು ಇಟ್ಟಿಗೆ ಹೇರಬೇಕು. ಎಲ್ಲಿ ಎಷ್ಟು ಎಂಬುದನ್ನೆಲ್ಲ ಲೆಕ್ಕ ಹಾಕಿ ಬರೆದಿದ್ದಳು.

ವ್ಯಾಸರಾಜ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ದೋಣಿಗೆ ಇಟ್ಟಿಗೇನಾ? ಮನೆ ಕಟ್ತಿದ್ದೀವೇನೇ? ನಾನು ಆಫೀಸಲ್ಲಿ ಒಂದು ಗ್ರಾಮು ಕಮ್ಮಿ ಮಾಡಕ್ಕೆ ಒದ್ದಾಡ್ತೀನಿ, ನೀನು ಟನ್ನುಗಟ್ಟಲೆ ಸುರೀತಿದ್ದೀಯ!" ಕೆಂಪು ಪೆನ್ನಿನಿಂದ ಹಾಳೆಯ ಉದ್ದಕ್ಕೂ ಅಡ್ಡಗೆರೆ ಎಳೆದು, ಕೆಳಗೆ ಸಹಿ ಬೇರೆ ಹಾಕಿದ.

ಆ ಕಾಗದ ಸಿಗುವ ಮುಂಚೆಯಾಗಿದ್ದರೆ ಮೈಥಿಲಿ ವಾದ ಮಾಡುತ್ತಿದ್ದಳು. ಈಗ "ಸರಿ ರೀ" ಅಂದಳು.

ಆಮೇಲೆ ವಾರಕ್ಕೊಂದು ಅಪ್ಪಣೆ. ಓಕ್ ಹಲಗೆ ಭಾರ, ತೆಳು ಪ್ಲೈವುಡ್ ಹಾಕಿಸು. ಸರಿ ರೀ. ನೀರಿನ ಟ್ಯಾಂಕು ಅರ್ಧ ಸಾಕು. ಸರಿ ರೀ. ಬಾತ್‌ರೂಮಿಗೆ ಬಾಗಿಲು ಯಾಕೆ, ಕರ್ಟನ್ ಸಾಕು. ಅದಕ್ಕೂ ಸರಿ ರೀ! ಅವನು ಒಂದೊಂದನ್ನು ಹಗುರ ಮಾಡಿದಾಗಲೂ ಮೈಥಿಲಿಯ ಎದೆಯೂ ಅಷ್ಟು ಹಗುರಾಗುತ್ತಿತ್ತು. ಮ್ಯಾನಿಗೆ ಮಾತ್ರ ತಡೆಯಲಾಗಲಿಲ್ಲ. ಭಾರ ಹಾಕದಿದ್ದರೆ ಇದು ನಡೆಯುವುದಿಲ್ಲ ಬಾಸ್ ಎಂದು ಎರಡು ಸಲ ಹೇಳಿ ನೋಡಿದ. ನಾನು ಎಂಜಿನಿಯರು, ನೀನು ವೆಲ್ಡಿಂಗ್ ನೋಡಿಕೋ ಎಂದು ವ್ಯಾಸರಾಜ ಅವನ ಬಾಯಿ ಮುಚ್ಚಿಸಿದ.

ಎಂಬತ್ತೇಳರ ಜೂನಿನಲ್ಲಿ ದೋಣಿ ನೀರಿಗಿಳಿಯಲು ಸಿದ್ಧವಾಯಿತು. ವ್ಯಾಸರಾಜ ಪುರೋಹಿತರಿಗೆ ಫೋನ್ ಮಾಡಿ ಪಂಚಾಂಗ ನೋಡಿಸಿ, ಭಾನುವಾರ ಹತ್ತು ನಲವತ್ತರ ಮುಹೂರ್ತ ಇಡಿಸಿಕೊಂಡ. ತಿಥಿ ನೋಡಿದರು, ನಕ್ಷತ್ರ ನೋಡಿದರು, ರಾಹುಕಾಲ ತಪ್ಪಿಸಿದರು. ಸಮುದ್ರದ ಉಬ್ಬರ ಇಳಿತ ಬರೆದಿರುವ ಚಿಕ್ಕ ಪುಸ್ತಕವನ್ನು ನೋಡಿದವಳು ಮೈಥಿಲಿ ಒಬ್ಬಳೇ. ಆಲ್ವಿಸೊದ ಕಾಲುವೆಗೆ ನೀರು ಬರುವುದು ಹೋಗುವುದು ಕೊಲ್ಲಿಯ ಉಬ್ಬರದ ಜೊತೆಗೆ. ಆ ಭಾನುವಾರ ಬೆಳಿಗ್ಗೆ ಎಂಟಕ್ಕೆ ನೀರು ತುಂಬಿ, ಆಮೇಲೆ ಮಧ್ಯಾಹ್ನ ಎರಡರವರೆಗೂ ಇಳಿಯುವುದಿತ್ತು. ಅಂದರೆ ಮುಹೂರ್ತದ ಹೊತ್ತಿಗೆ ಅರ್ಧ ನೀರು ಜಾಗ ಖಾಲಿ ಮಾಡಿರುತ್ತದೆ. ಅವಳು ಪುಸ್ತಕ ಮುಚ್ಚಿಟ್ಟು, ಹದಿನೈದು ಜನಕ್ಕಾಗುವಷ್ಟು ಮೊಸರನ್ನ ಕಲೆಸಿದಳು.

"ಅರ್ಧ ಗಂಟೆ ರೌಂಡಿಗೆ ಇಷ್ಟೊಂದಾ?" ಅಂದ ವ್ಯಾಸರಾಜ.

"ಇರ್ಲಿ ರೀ," ಅಂದಳು. ಓಕ್ಲೆಂಡಿನ ಕಾಗದ ಆಗಲೇ ಪರ್ಸಿನಲ್ಲಿತ್ತು, ನಕ್ಷೆಗಳ ಸುರುಳಿ ಊಟದ ಚೀಲದಲ್ಲಿತ್ತು.

ಶನಿವಾರದೂಟದ ಜನವೆಲ್ಲ ಬಂದಿದ್ದರು. ಬಂದವರ ಮಕ್ಕಳು ಯಾರೂ ದೋಣಿ ಹತ್ತಕೂಡದೆಂದು ತಾನೇ ಹಟ ಹಿಡಿದು ಮೈಥಿಲಿ ಅವರನ್ನೆಲ್ಲ ದಡದಲ್ಲೇ ಪ್ರಭಾ ಎಂಬ ಗೆಳತಿಯ ಜೊತೆ ಉಳಿಸಿದಳು. ಪೂಜೆಯಾಯಿತು, ಕಾಯಿ ಒಡೆದರು, ಹದಿಮೂರು ಜನ ಹತ್ತಿದರು. ಜರಿಪಂಚೆಯುಟ್ಟ ವ್ಯಾಸರಾಜ ಎಂಜಿನ್ ಚಾಲೂ ಮಾಡಿದ. ದೋಣಿ ಕಾಗದದ ಡಬ್ಬಿಯಂತೆ ನೀರಿನ ಮೇಲೆ ಎದ್ದು ನಿಂತಿತ್ತು. ಪ್ರೊಪೆಲರಿನ ಅರ್ಧ ಗಾಳಿಯಲ್ಲೇ ಬಡಿದು, ನೀರು ಎರಚಿ ಅವನ ಪಂಚೆಯನ್ನೇ ತೋಯಿಸಿತು. ಯಾರೋ ಎಡಕ್ಕೆ ಬಗ್ಗಿದರೆ ದೋಣಿಯೂ ಎಡಕ್ಕೆ ವಾಲಿ, ಹೆಂಗಸರು ಅಯ್ಯಯ್ಯೋ ಎಂದು ಒಬ್ಬರ ಮೇಲೊಬ್ಬರು ಬಿದ್ದರು.

ಆಗಲಾದರೂ ನಿಲ್ಲಿಸಬೇಡವೇ? ಛೆ, ಅವನೆಲ್ಲಿ ನಿಲ್ಲಿಸಿಯಾನು! "ಎಲ್ಲರೂ ಹಿಂದಕ್ಕೆ ಬನ್ನಿ, ಹಿಂದಕ್ಕೆ! ಡಾಕ್ಟ್ರೇ, ನೀವು ಈ ಮೂಲೇಲಿ ಕೂತ್ಕೊಳ್ಳಿ!" ಎಂದು ಕೂಗಿದ. ಇಟ್ಟಿಗೆ ಹೇರಬೇಕಾದ ಜಾಗದಲ್ಲಿ ನೆಂಟರಿಷ್ಟರನ್ನು ಹೇರಿದ. ದಪ್ಪ ಮೈಯ ಡಾಕ್ಟರ್ ತಿರುಮಲೇಶ ಕೂತ ಮೇಲೆ ಪ್ರೊಪೆಲರು ಮುಳುಗಿ, ದೋಣಿ ಹೊರಟಿತು. ಚಪ್ಪಾಳೆಯೂ ಬಿತ್ತು. ಕಾಲು ಮೈಲಿ ಹೋಗುವಷ್ಟರಲ್ಲಿ ಹಿಂಭಾಗ ಕೆಸರಿಗೆ ತಗಲಿ, ಗಕ್ಕನೆ ನಿಂತಿತು. ನೋಡನೋಡುತ್ತ ಸುತ್ತಲಿನ ನೀರು ಹರಿದುಹೋಗಿ, ಎರಡು ಕಡೆಯೂ ಸೊಂಟದಾಳದ ಕರಿಕೆಸರು ಉಳಿಯಿತು. ದಡದ ಮೇಲೆ ಹಿಂಬಾಲಿಸಿ ಬಂದಿದ್ದ ಮ್ಯಾನಿ ಕೂಗಿ ಹೇಳಿದ: ಯಾರೂ ಇಳಿಯಬೇಡಿ, ಹೂತುಹೋಗುತ್ತೀರಿ, ಐದು ಗಂಟೆಗೆ ನೀರು ಬರುತ್ತದೆ. ಆಗಿನ್ನೂ ಹನ್ನೊಂದೂಕಾಲು.

ವ್ಯಾಸರಾಜ ಹೆಂಡತಿಯ ಮೇಲೆ ಹರಿಹಾಯ್ದ. "ಎಂಥ ನಕ್ಷೆ ಹಾಕಿದ್ದೀಯೇ ನೀನು? ಅದಕ್ಕೇ ನಿನಗೆ ಯಾರೂ ಕೆಲಸ ಕೊಡ್ಲಿಲ್ಲ!"

ಮೈಥಿಲಿ ಇದೇ ಮಾತಿಗೆ ಕಾದಿದ್ದಳು. ನಾಲ್ಕನೆಯ ಹಾಳೆಯನ್ನು ಬಿಡಿಸಿ ಮೇಜಿನ ಮೇಲೆ ಹರಡಿದಳು. ಕೆಂಪು ಗೆರೆ, ಸಹಿ ಎಲ್ಲರಿಗೂ ಕಂಡವು. ಅದರ ಪಕ್ಕದಲ್ಲಿ ಓಕ್ಲೆಂಡಿನ ಕಾಗದವನ್ನಿಟ್ಟು, "ಡಾಕ್ಟ್ರೇ, ಇದನ್ನ ಸ್ವಲ್ಪ ಗಟ್ಟಿಯಾಗಿ ಓದಿ," ಅಂದಳು.

ತಿರುಮಲೇಶ ಇಂಗ್ಲಿಷಿನಲ್ಲಿ ಓದುತ್ತ ಓದುತ್ತ ದನಿ ತಗ್ಗಿಸಿದ. ಬೆಂಚಿನ ತುದಿಯಲ್ಲಿ ಮಂಡ್ಯದ ಕೆಂಪಮ್ಮ ಕೂತಿದ್ದಳು. ಮಗನ ಮನೆಗೆಂದು ಬಂದವಳು, ಎಲ್ಲರಿಗಿಂತ ಹಿರಿಯಳು, ಇಂಗ್ಲಿಷು ಬಾರದವಳು.

"ಏನಂತಪ್ಪ ಅದ್ರಾಗೆ? ನಮ್ಗೂ ತಿಳಿಯಂಗೆ ಯೋಳು."

ಡಾಕ್ಟರು ಕನ್ನಡದಲ್ಲಿ ಹೇಳಿದ. ಕೆಂಪಮ್ಮ ವ್ಯಾಸರಾಜನ ಕಡೆ ತಿರುಗಿದಳು. "ಏನಪ್ಪ, ನೀನೇಯ ಪೋನ್ ಮಾಡಿ ಬ್ಯಾಡ ಅಂದಿದ್ದಾ?"

"ಅಮ್ಮಾ, ಅದೆಲ್ಲ ಮನೆಗೆ ಹೋಗಿ ಮಾತಾಡೋಣ."

"ಮನೆಗ್ ಎಂಗಪ್ಪ ಓಗದು? ಕೆಸ್ರಾಗೆ ಸಿಕ್ಕಾಕಂಡಿವಿ. ಯೋಳು, ನೀನ್ ಮಾಡಿದ್ದೋ ಇಲ್ವೋ?"

ವ್ಯಾಸರಾಜ ಎದ್ದು ಬಾತ್‌ರೂಮಿನ ಕಡೆ ಎರಡು ಹೆಜ್ಜೆ ಹಾಕಿದ. ಅಲ್ಲಿ ಬಾಗಿಲಿರಲಿಲ್ಲ. ಕರ್ಟನ್ನಿನ ಹಿಂದೆ ಹೋಗಿ ಬಚ್ಚಿಟ್ಟುಕೊಳ್ಳುವುದಾದರೂ ಹೇಗೆ? ವಾಪಸು ಬಂದು, ಅಷ್ಟೂ ಜನರ ನಡುವೆ ಒದ್ದೆ ಪಂಚೆಯಲ್ಲಿ ಕೂತ.

"ಮಾಡಿದ್ದೆ," ಅಂದ. ಪಂಚೆಯ ತುದಿ ಹಿಂಡುತ್ತ ಉಳಿದದ್ದನ್ನೂ ಕಕ್ಕಿದ. "ಆ ವರ್ಷ ನನ್ನ ಪ್ರಮೋಷನ್ ತಪ್ಪಿತ್ತು. ಇವಳಿಗೆ ಮೊದಲ ದಿನವೇ ಸೀನಿಯರ್ ಪೋಸ್ಟು. ನನಗೆ ತಡ್ಕೊಳ್ಳಕ್ಕಾಗ್ಲಿಲ್ಲ."

ಡಾಕ್ಟರ ಹೆಂಡತಿ ಊರ್ಮಿಳಾ ಮೈಥಿಲಿಯ ಕೈ ಹಿಡಿದು, "ನಾವೂ ನಿನ್ನ ಪಾಪ ಅಂತಿದ್ವಲ್ಲೇ," ಎಂದು ಕಣ್ಣೀರು ಹಾಕಿದಳು. ಮೈಥಿಲಿಗೆ ಅಳು ಬರಲಿಲ್ಲ. ಎಲ್ಲರಿಗೂ ಮೊಸರನ್ನ ಬಡಿಸಿದಳು, ಗಂಡನಿಗೂ ಬಡಿಸಿದಳು. ಉಪ್ಪಿನಕಾಯಿ ಬೇಕೇ ಎಂದು ಕೇಳಿದರೆ ಅವನು ತಲೆಯೆತ್ತಲಿಲ್ಲ. ಆ ಬಗ್ಗಿದ ತಲೆಯನ್ನು ನೋಡಿ ಅವಳಿಗೆ ಖುಷಿಯಾಯಿತು. ಸುಳ್ಳೇಕೆ, ತುಂಬ ಖುಷಿಯಾಯಿತು.

ಐದೂಕಾಲಿಗೆ ಕೆಸರಿನ ಮೇಲೆ ನೀರು ಹರಿದು ಬಂದು ದೋಣಿ ಅಲುಗಾಡಿತು. ಮ್ಯಾನಿ ಹಗ್ಗ ಕಟ್ಟಿ ದಡಕ್ಕೆ ಎಳೆದುಕೊಂಡ. ಜನ ಒಬ್ಬೊಬ್ಬರಾಗಿ ಇಳಿಯುತ್ತಿದ್ದಾಗ ವ್ಯಾಸರಾಜ ಹೆಂಡತಿಯ ಹತ್ತಿರ ಬಂದ.

"ಎಲ್ಲರ ಮುಂದೆ ಆರು ಗಂಟೆ ಕೂರಿಸಿದೆ. ಈಗ ಸಮಾಧಾನ ಆಯ್ತಾ?"

"ಇಲ್ಲ," ಅಂದಳು ಮೈಥಿಲಿ. "ನಾನು ಕೂತಿದ್ದು ಒಂಬತ್ತು ವರ್ಷ."

ನಕ್ಷೆಗಳನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು, ಕೆಂಪಮ್ಮನ ಕೈ ಹಿಡಿದು ದೋಣಿಯಿಂದ ಇಳಿದಳು.