ಮಾವನವರ ಸಾಲು ಕೆಳಗೆ ಹೋಯಿತು

ಗೆಳತಿಯರೇ, ಕೈಯ ಮದರಂಗಿ ಇನ್ನೂ ಮಾಸಿಲ್ಲ, ಇವತ್ತು ಮಾವನವರ ಜೊತೆ ಮೊದಲ ಜಗಳ! ಗಜೇಂದ್ರಗಡದ ನಮ್ಮ ಸೀರೆ ಅಂಗಡಿಗೆ ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ವೆಬ್‌ಸೈಟ್ ಮಾಡುತ್ತಿದ್ದೇನೆ. ಯಾವ ವಿಳಾಸಕ್ಕೆ ಯಾವ ಪುಟ ತೆರೆಯಬೇಕೆಂದು ರೂಟ್ ಫೈಲಿನಲ್ಲಿ ಸಾಲಾಗಿ ಬರೆಯಬೇಕು. ಒತ್ತಿದ ವಿಳಾಸಕ್ಕೆ ಮೇಲಿನ ಸಾಲು ಹೊಂದಿಬಿಟ್ಟರೆ ಕಂಪ್ಯೂಟರ್ ಕೆಳಗಿನ ಸಾಲುಗಳನ್ನು ನೋಡುವುದೇ ಇಲ್ಲ.

"ಹಿರ್ಯಾರದು ಮೊದಲ" ಎಂದು ಮಾವ ತಮ್ಮ ಸೀರೆಗಳ ಸಾಲನ್ನು ಎಲ್ಲಕ್ಕಿಂತ ಮೇಲೆ ಹಾಕಿಸಿದ್ದರು. ವಿಳಾಸದಲ್ಲಿ ಯಾವ ಹೆಸರು ಬಂದರೂ ಅದನ್ನು ಸೀರೆಯ ಹೆಸರೆಂದೇ ಹುಡುಕುವ ಸಾಲು ಅದು. ಅತ್ತೆ ಆಸೆಯಿಂದ ತಮ್ಮ ಕಸೂತಿಯ ಪುಟ ಒತ್ತಿದರೆ, "ಕಸೂತಿ ಎಂಬ ಸೀರೆ ನಮ್ಮಲ್ಲಿಲ್ಲ" ಎಂದು ಬಂತು! ಅವರ ಮುಖ ಸಪ್ಪಗಾಯಿತು. ನಾನು ಎಲ್ಲರೆದುರೇ ಮಾವನವರ ಸಾಲನ್ನು ಕಟ್ಟಕಡೆಗೆ ತಳ್ಳಿದೆ.

"ಏನವಾ, ಬಂದ ಕೂಡಲೇ ನನ್ನ ಕೆಳಗ ಕುಂದರಿಸಿದಿ?"

"ಹೌದ್ರಿ ಮಾವಾರ. ನಿಮ್ಮ ಸಾಲು ಬಾಗಲದಾಗ ಕುಂತು ಬಂದವರನ್ನೆಲ್ಲಾ ತಾನ ಹಿಡಕೊಳ್ತೈತಿ. ಬ್ಯಾರೆಯವರ ಕಡೆ ಯಾರ್ನೂ ಬಿಡೂದಿಲ್ರಿ."

ಅತ್ತೆ ಥಟ್ಟನೆ ಅಂದರು: "ಇದನ್ನ ನಾ ಮದವಿ ಆದಾಗಿಂದ ಹೇಳಾಕತ್ತೀನಿ!"

ಮಾವನವರಿಗೆ ಸಂಜೆ ನನ್ನ ಕೈಯ ಚಹಾ ಬೇಡವಂತೆ. ಅದನ್ನೂ ನಾನೇ ಕುಡಿದೆ. ಕಸೂತಿ ಪುಟ ಚಂದ ತೆರೆಯುತ್ತಿದೆ, ಸಾಲು ಕೆಳಗೇ ಇದೆ.