ಮಂಗ್ಯಾನಮಗ ಅಂದೆನೆಂದು ಹೇಳಿದ್ದು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನಾನು ಇಪ್ಪತ್ತೆಂಟು ವರ್ಷ ಹಮಾಲರ ಮುಕಾದಮನಾಗಿದ್ದೆ. ಅಲ್ಲಿ ಒಬ್ಬ ಮನುಷ್ಯನ ಬಲಗಣ್ಣನ್ನು ಹಾಳು ಮಾಡಿದೆ. ಅದಾದ ಮೂರನೇ ದಿನ ಅದಕ್ಕಿಂತ ದೊಡ್ಡ ತಪ್ಪು ಮಾಡಿದೆ. ಆ ತಪ್ಪು ಮಾಡುವಾಗ ಕೈ ಎತ್ತಿರಲಿಲ್ಲ, ಒಂದು ಹೊಲಸು ಮಾತನ್ನೂ ಆಡಿರಲಿಲ್ಲ. ಈಗ ರಾಣೆಬೆನ್ನೂರಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಈ ಓಣಿಯವರು ನನ್ನನ್ನು ಬಾಯಿ ಶುದ್ಧವಿರುವ ಮುದುಕ ಎನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ನಾನು ಓದಿದ್ದು ಹತ್ತನೇ ಇಯತ್ತೆಯವರೆಗೆ. ಬರೆಯಲು ಅಷ್ಟು ಸಾಕು.

ಮುಕಾದಮ ಎಂದರೆ ಗುಂಪಿನ ಹಿರಿಯಾಳು. ನನ್ನ ಕೈಕೆಳಗೆ ಎಂಟು ಜನ. ಬ್ಯಾಡಗಿಯ ಕಾಯಿ ಹಗುರ, ಆದರೆ ಅದನ್ನು ತುಂಬಿದ ಚೀಲ ಆಳೆತ್ತರ. ಇಬ್ಬರು ಎರಡೂ ಕಡೆ ಕಬ್ಬಿಣದ ಕೊಕ್ಕೆ ಹಾಕಿ ಎತ್ತಬೇಕು, ಮೂರನೆಯವನು ಬೆನ್ನು ಕೊಡಬೇಕು. ಮೂವರೂ ಒಂದೇ ಉಸಿರಿಗೆ ಏಳದಿದ್ದರೆ ಯಾರದಾದರೂ ಸೊಂಟ ಮುರಿಯುತ್ತಿತ್ತು. ಆ ಉಸಿರು ಕೂಡಿಸಲು ನಾನು ಬೈಯುತ್ತಿದ್ದೆ. "ಹೂಂ, ಸೂಳೇಮಕ್ಕಳ್ರಾ!" ಎಂದರೆ ಚೀಲ ಏಳುತ್ತಿತ್ತು. ದಿನಕ್ಕೆ ಇನ್ನೂರು ಸಲ ಅದನ್ನು ಅಂದಿರಬಹುದು. ಯಾರಿಗೂ ಅದು ತಮ್ಮ ತಾಯಿಯ ಮಾತು ಎನ್ನಿಸುತ್ತಿರಲಿಲ್ಲ. ನಾನು ಬೈಯದ ದಿನ, "ಯಾಕ ಅಣ್ಣಾ, ಮೈಯಾಗ ಆರಾಮಿಲ್ಲೇನು?" ಎಂದು ಅವರೇ ಕೇಳುತ್ತಿದ್ದರು.

ಕೈಯನ್ನೂ ಬಿಡುತ್ತಿದ್ದೆ. ಖಾರದ ಗಾಳಿಯಲ್ಲಿ ಬೆಳಗಿನಿಂದ ಸೀನಿ, ಕೆಮ್ಮಿ, ಬೆವರು ತಾಗಿದಲ್ಲೆಲ್ಲ ಉರಿದು ನಾವೆಲ್ಲ ಸಂಜೆಯ ಹೊತ್ತಿಗೆ ಕಚ್ಚುವ ನಾಯಿಗಳಂತಾಗುತ್ತಿದ್ದೆವು. ಕೊಕ್ಕೆಯ ಕಟ್ಟಿಗೆ ಹಿಡಿಯಿಂದ ಆಳುಗಳ ಬೆನ್ನಿಗೆ, ಮೊಳಕಾಲಿಗೆ ಹೊಡೆದದ್ದು ಲೆಕ್ಕವಿಲ್ಲ. ಒಬ್ಬನ ಹಲ್ಲು ಮುರಿದಿದ್ದೆ. ಅವನು ರಕ್ತ ಉಗುಳಿ ಮುಂದಿನ ಚೀಲಕ್ಕೆ ಬೆನ್ನು ಕೊಟ್ಟ.

ಒಂದು ವರ್ಷ ದಲಾಲಿ ಅಂಗಡಿಯ ಸಾವಕಾರರು ನನ್ನನ್ನು ಕರೆದರು. ದೂರದೂರಿಂದ ಖರೀದಿಗೆ ಬರುವವರ ಜೊತೆಯಲ್ಲಿ ಹೆಣ್ಣುಮಕ್ಕಳೂ ಬರತೊಡಗಿದ್ದರು.

"ನೋಡಪಾ, ಮಂದಿ ಮುಂದ ಹೊಲಸು ಬ್ಯಾಡ. ಬ್ಯಾರೇ ಏನರ ಅನ್ನು."

"ಏನ ಅನ್ನಲಿರಿ?"

"ಏನರ. ಕಾಯಿಪಲ್ಲೆ ಹೆಸರು ಅನ್ನು."

ಮರುದಿನ ಹಾಗೇ ಮಾಡಿದೆ. ಮೂವರು ಚೀಲಕ್ಕೆ ಬಗ್ಗಿದಾಗ ಗಂಟಲೆತ್ತಿ, "ಎತ್ತಲೇ ಬದನೀಕಾಯಿ!" ಎಂದೆ. ಒಬ್ಬ ಮೊದಲು ಕಿಸಕ್ಕೆಂದ. ಇನ್ನೊಬ್ಬ, "ಕರೇದೇನಣ್ಣಾ, ಬಿಳೇದೇನಣ್ಣಾ?" ಎಂದ. ನಗುತ್ತ ಕೈ ಬಿಟ್ಟರು. ಚೀಲ ಜಾರಿ, ಬೆನ್ನು ಕೊಟ್ಟವನು ಬೋರಲು ಬಿದ್ದು ಮೂಗು ಒಡೆದುಕೊಂಡ. ನೆತ್ತರು ಸುರಿಸುತ್ತಲೇ ಅವನು, "ಅಣ್ಣಾ, ನಿನ್ನ ಕಾಲ ಬೀಳ್ತೇನಿ, ಮೊದಲಿನಂಗ ಬೈಯ್ಯೋ" ಎಂದು ಅತ್ತ. ಆಮೇಲೆ ಒಂದು ಒಪ್ಪಂದವಾಯಿತು. ಪರಸ್ಥಳದವರು, ಹೆಂಗಸರು ಹತ್ತಿರವಿದ್ದರೆ "ಮಂಗ್ಯಾನಮಗನ" ಎನ್ನುವುದು. ಇಲ್ಲದಿದ್ದರೆ ಮೊದಲಿನದೇ. ನಮ್ಮ ಕಡೆ ಮಂಗ್ಯಾನಮಗ ಎಂದರೆ ಬೈಗುಳವೇ ಅಲ್ಲ, ಅಜ್ಜಂದಿರು ಮೊಮ್ಮಕ್ಕಳನ್ನು ಹಾಗೆ ಮುದ್ದಾಡುತ್ತಾರೆ.

ನನ್ನ ಗುಂಪಿನಲ್ಲಿ ಹಲಗೇರಿಯವನೊಬ್ಬನಿದ್ದ. ನನಗಿಂತ ಐದು ವರ್ಷ ಚಿಕ್ಕವನು. ಮಾತು ಕಡಿಮೆ, ಬೆನ್ನು ಗಟ್ಟಿ. ಅವನ ತಾಯಿ ಅದೇ ಅಂಗಡಿಯ ಅಂಗಳದಲ್ಲಿ ಬೇರೆ ಹೆಂಗಸರ ಜೊತೆ ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಗಂಡ ಬಹಳ ಹಿಂದೆಯೇ ಬಿಟ್ಟುಹೋಗಿದ್ದ. ಆ ಹೆಣ್ಣುಮಗಳು ತೊಟ್ಟು ಬಿಡಿಸಿ ಬಿಡಿಸಿಯೇ ಮಗನನ್ನು ಬೆಳೆಸಿದ್ದಳು. ಇದು ಪೇಟೆಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು.

ಸುಗ್ಗಿಯ ನಡುಮಧ್ಯಾಹ್ನ. ಲಾರಿ ಹೊರಡಲು ನಿಂತಿತ್ತು. ಹಲಗೇರಿಯವನು ಚೀಲ ಹೊತ್ತು ಬರುವಾಗ ಹೆಂಗಸರ ಸಾಲು ದಾರಿಗೆ ಅಡ್ಡವಾಯಿತು. ಅವರನ್ನು ತುಳಿಯಬಾರದೆಂದು ಅವನು ನಿಂತ, ಚೀಲ ಇಳಿಸಿದ. ಇಳಿಸುವಾಗ ಹೊಲಿಗೆ ಬಿಚ್ಚಿ ಕಾಯಿಯೆಲ್ಲ ಚೆಲ್ಲಿತು. ನಾನು ಓಡಿಬಂದು ಕೊಕ್ಕೆಯ ಹಿಡಿಯಿಂದ ಅವನ ಬೆನ್ನಿಗೆ ಬಾರಿಸಿದೆ. ಎರಡನೇ ಪೆಟ್ಟಿಗೆ ಅವನು ತಿರುಗಿ ನನ್ನ ಕೈ ಹಿಡಿದ.

"ಅಣ್ಣಾ, ಅವ್ವ ನೋಡಾಕತ್ಯಾಳ. ಕೈ ಮಾಡಬ್ಯಾಡ. ಬೇಕಂದ್ರ ಬಾಯಿ ಮಾಡು."

ನಾನು ಬಾಯಿ ಮಾಡಿದೆ. ಆವತ್ತು ಆಡಿದ್ದನ್ನು ಇಲ್ಲಿ ಮೆತ್ತಗೆ ಮಾಡಿ ಬರೆದರೆ ಮತ್ತೊಮ್ಮೆ ಅದೇ ಸುಳ್ಳು ಹೇಳಿದಂತಾಗುತ್ತದೆ. ಅವನ ತಾಯಿಯತ್ತ ಬೆರಳು ಮಾಡಿ ಅಂದೆ: "ಸೂಳೇಮಗನ, ನೀ ಯಾರಿಗೆ ಹುಟ್ಟೀದಿ ಅಂತ ಅಕೀನ್ನ ಕೇಳು. ಅಕೀಗೂ ಗೊತ್ತಿರಾಕಿಲ್ಲ."

ಮೊದಲ ಶಬ್ದ ದಿನಕ್ಕೆ ಇನ್ನೂರು ಸಲ ಅನ್ನುತ್ತಿದ್ದುದೇ. ಈ ಸಲ ಅದರ ಹಿಂದೆ ಒಂದು ಬೆರಳು, ಬೆರಳಿನ ತುದಿಯಲ್ಲಿ ಒಬ್ಬ ಹೆಂಗಸು ಇದ್ದಳು. ಅವಳ ಕೈಯೊಳಗಿನ ಕಾಯಿ ಹಾಗೇ ನಿಂತಿತು.

ಸೊಂಟಕ್ಕೆ ಸಿಕ್ಕಿಸಿದ್ದ ಅವನ ಕೊಕ್ಕೆ ನನ್ನ ಎಡಗಿವಿಯ ಹಿಂದೆ ಇಳಿಯಿತು. ಕುತ್ತಿಗೆಯ ಮೇಲೆ ಬಿಸಿಯಾಗಿ ನೆತ್ತರು ಹರಿಯಿತು. ನಾನು ಅವನ ಹೊಟ್ಟೆಗೆ ತಲೆಯಿಂದ ಗುದ್ದಿ ಕೆಡವಿದೆ, ಕುತ್ತಿಗೆ ಹಿಡಿದು ಮೋರೆಯನ್ನು ಚೆಲ್ಲಿದ ಕಾಯಿಯೊಳಗೆ ಒತ್ತಿದೆ. ಒಣಗಿದ ಕಾಯಿ ಅವನ ಹಣೆಯ ಕೆಳಗೆ ಪಟಪಟ ಒಡೆದವು. ಬೆನ್ನಿನ ಮೇಲೆ ಮೊಳಕಾಲು ಊರಿ, ಮೋರೆಯನ್ನು ಎಡಕ್ಕೂ ಬಲಕ್ಕೂ ತಿಕ್ಕಿದೆ. ಅವನು ಉಸಿರೆಳೆದಾಗ ಖಾರ ಒಳಗೆ ಹೋಗಿ ಕೂಗೂ ಏಳದೆ ಮೈ ಒಂದೇ ಸಮ ಒದ್ದಾಡಿತು. ಕೈಕಾಲು ಸಡಿಲಾದ ಮೇಲೂ ನಾನು ಒತ್ತಿ ಹಿಡಿದೇ ಇದ್ದೆ. ಅವನ ತಾಯಿ ನನ್ನ ಕೂದಲು ಹಿಡಿದು ಜಗ್ಗಿದಳು. ಮೊಣಕೈಯಿಂದ ಅವಳ ಎದೆಗೆ ತಿವಿದೆ. ಆಮೇಲೆ ನಾಲ್ಕು ಜನ ಸೇರಿ ನನ್ನನ್ನು ಎಳೆದರು. ಮುರಿದ ತೊಟ್ಟು ಅವನ ಬಲಗಣ್ಣಿಗೆ ಚುಚ್ಚಿತ್ತು. ಆ ಕಣ್ಣು ಮತ್ತೆ ಬೆಳಕು ಕಾಣಲಿಲ್ಲ.

ಪೊಲೀಸರತನಕ ಹೋಗಲಿಲ್ಲ. ಪೇಟೆಯ ಜಗಳವನ್ನು ಪೇಟೆಯ ಹಿರಿಯರೇ ಬಗೆಹರಿಸುತ್ತಿದ್ದರು. ಜೊತೆಗಾರನ ಮೇಲೆ ಕೊಕ್ಕೆ ಎತ್ತಿದವನನ್ನು ಯಾವ ಗುಂಪೂ ಸೇರಿಸಬಾರದು ಎಂಬುದು ನಮ್ಮ ಹಮಾಲರ ಕಟ್ಟಳೆ. ಅದಕ್ಕೆ ಒಂದೇ ವಿನಾಯಿತಿ: ತಾಯಿಯ ಎದುರಿಗೆ ತಾಯಿಯನ್ನು ಬೈದವನ ಮೇಲೆ ಎತ್ತಿದರೆ ತಪ್ಪು ಬೈದವನದು, ಪೇಟೆ ಬಿಡಬೇಕಾದವನೂ ಅವನೇ. ಹೀಗಾಗಿ ಮೂರನೇ ದಿನ ದಲಾಲಿ ಅಂಗಡಿಯ ಕಟ್ಟೆಯ ಮೇಲೆ ಐವರು ಹಿರಿಯರು ಕುಳಿತಾಗ ಇದ್ದದ್ದು ಒಂದೇ ಪ್ರಶ್ನೆ.

"ಏನಂದಿ ಇವಗ?"

ಗೋಡೆಯ ಮೇಲೆ ದೇವರ ಪಟ, ಊದಿನಕಡ್ಡಿಯ ಹೊಗೆ. ಕಟ್ಟೆಯ ಕೆಳಗೆ ಹೆಂಗಸರು ನಿಂತಿದ್ದರು. ಅಂಥ ಜಾಗದಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲವೆಂದು ನನಗೆ ಗೊತ್ತಿತ್ತು. ಕಿವಿಗೆ ಕಟ್ಟಿದ ಬಟ್ಟೆಯ ಮೇಲೆ ಕೈ ಇಟ್ಟುಕೊಂಡು, ತಲೆ ಬಗ್ಗಿಸಿ, "ಮಂಗ್ಯಾನಮಗನ ಅಂದ್ನಿರಿ" ಎಂದೆ.

ಯಾರೋ ನಕ್ಕರು. ಹಿರಿಯರಲ್ಲೊಬ್ಬರು ಅವನನ್ನು ಕೇಳಿದರು: "ಹೌದೇನೋ? ಇಷ್ಟಕ್ಕ ಕೊಕ್ಕಿ ಎತ್ತೀದೇನು?"

ಅವನು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದ. ತಾಯಿ ಪಕ್ಕದಲ್ಲೇ ಇದ್ದಳು. ಆ ಮಾತನ್ನು ಅವನು ತನ್ನ ಬಾಯಿಂದ ಹೇಗೆ ಹೇಳಿಯಾನು? ಹಿರಿಯರು ನನ್ನ ಆಳುಗಳನ್ನು ಕೇಳಿದರು. "ಲಾರಿ ಗದ್ದಲದಾಗ ಕೇಳಿಸಲಿಲ್ಲರಿ" ಎಂದರು. ಅವರು ನಾಳೆ ಮತ್ತೆ ನನ್ನ ಕೈಕೆಳಗೇ ಬರಬೇಕಿತ್ತು. ಕೊನೆಗೆ ತಾಯಿ, "ಆತ ಅಂದದ್ದು ಅದಲ್ಲರಿ" ಎಂದಳು.

"ಮತ್ತೇನಂದ? ಹೇಳಬೇ."

ಅವಳು ಬಾಯಿ ತೆರೆದಳು. ದೇವರ ಪಟ ನೋಡಿದಳು, ಮಗನನ್ನು ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಸಿದು ಕುಳಿತಳು.

ಅವನ ಕೊಕ್ಕೆ ಕಸಿದುಕೊಂಡು ಪೇಟೆ ಬಿಡಿಸಿದರು. ನನಗೆ, ಕಣ್ಣಿನ ಔಷಧಿಯ ಖರ್ಚು ಕೊಡು ಎಂದರು, ಅಷ್ಟೇ. ಮರುದಿನದಿಂದ ಪೇಟೆಯಲ್ಲಿ ಅದೊಂದು ನಗೆಮಾತಾಯಿತು. ಯಾರಾದರೂ ಸಣ್ಣದಕ್ಕೆ ಸಿಟ್ಟಾದರೆ, "ಹಲಗೇರಿಯವನಂಗ ಮಾಡಬ್ಯಾಡಲೇ, ಮಂಗ್ಯಾ ಅಂದಿದ್ದಕ್ಕ ಕಣ್ಣು ಕಳಕೊಂಡಾನ" ಎನ್ನುತ್ತಿದ್ದರು. ನಾನೂ ನಕ್ಕಿದ್ದೇನೆ.

ಮುಪ್ಪಿನಲ್ಲಿ ಮಗಳ ಮನೆಗೆ ಬಂದೆ. ಮೊದಲನೇ ದಿನವೇ ಅವಳು, "ಅಪ್ಪಾ, ಈ ಮನ್ಯಾಗ ಹೊಲಸು ಬಾಯಿ ನಡೆಯಂಗಿಲ್ಲ ನೋಡು" ಎಂದಳು. ಬಿಟ್ಟೆ. ಕಾಲಿಗೆ ಕಲ್ಲು ತಾಗಿದರೂ "ಅಯ್ಯ ಶಿವನ" ಎನ್ನುವುದನ್ನು ಕಲಿತೆ. ಸಿಟ್ಟು ಮಾತ್ರ ಎಲ್ಲಿಗೂ ಹೋಗಲಿಲ್ಲ. "ಯಾಕೋ ತಮ್ಮಾ" ಎಂದು ಮೆಲ್ಲಗೆ ಹಲ್ಲು ಕಡಿದು ಕೇಳಿದರೆ ಎದುರಿನವನು ಹೆದರುವುದನ್ನು ಕಂಡಿದ್ದೇನೆ. ಬೈಯುವುದು ತಪ್ಪೇ ಎಂದು ಮಗಳನ್ನು ಒಮ್ಮೆ ಕೇಳಿದೆ. "ತಪ್ಪಲ್ದ ಮತ್ತೇನು?" ಎಂದಳು. ನನ್ನ ಬಾಯಿಂದ ಹೊರಟ ಅತಿ ಕೆಟ್ಟ ಮಾತು ಯಾವುದೆಂದು ಅವಳಿಗೆ ಹೇಳುವ ಧೈರ್ಯ ಆಗ ಇರಲಿಲ್ಲ. ಅದು ದೇವರ ಪಟದ ಮುಂದೆ, ಎಲ್ಲರೂ ಕೇಳಬಹುದಾದ ಶಬ್ದದಲ್ಲಿ ಹೊರಟಿತ್ತು.

ಹೋದ ವರ್ಷ ಕಣ್ಣಿನ ಪೊರೆ ತೋರಿಸಲು ಹಾವೇರಿಯ ಆಸ್ಪತ್ರೆಗೆ ಹೋದೆ. ಬೆಂಚಿನ ಮೇಲೆ ನನ್ನಿಂದ ಮೂರನೆಯವನಾಗಿ ಹಲಗೇರಿಯವನು ಕುಳಿತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಇದ್ದೊಂದು ಕಣ್ಣಿಗೂ ಈಗ ಪೊರೆ. ನರ್ಸಬಾಯಿ ಚೀಟಿ ಬರೆಯುತ್ತ, "ಅಜ್ಜಾ, ಈ ಬಲಗಣ್ಣಿಗೆ ಏನಾಗಿತ್ತು?" ಎಂದು ಕೇಳಿದಳು. ಜೊತೆಗೆ ಬಂದಿದ್ದ ಅವನ ಊರವನು ನಗುತ್ತ, "ಯಾರೋ ಮಂಗ್ಯಾನಮಗ ಅಂದ್ರಂತ್ರೀ ಬಾಯಾರ, ಅಷ್ಟಕ್ಕ ಬಡಿದಾಡಿ ಕಳಕೊಂಡಾನ" ಎಂದ. ನರ್ಸಬಾಯಿಯೂ ನಕ್ಕಳು. ಅವನು ಮೊಳಕಾಲಿನ ಮೇಲಿನ ಕೈ ನೋಡುತ್ತ ಕುಳಿತ. ಇಷ್ಟು ವರ್ಷವೂ ಅವನು ಆ ನಗುವಿನ ಕೆಳಗೆ ಹೀಗೇ ಕುಳಿತಿದ್ದನೆಂದು ನನಗೆ ಆಗ ತಿಳಿಯಿತು.

ಎದ್ದು ಹೋಗಿ ಅವನ ಮುಂದೆ ನಿಂತು, "ನಾನಪಾ" ಎಂದೆ. ದನಿಯಿಂದಲೇ ಗುರುತು ಹಿಡಿದ. ನಾನು ಕೈ ಮುಗಿದು ಶುರು ಮಾಡುವಷ್ಟರಲ್ಲಿ ತಡೆದ.

"ಇಲ್ಲಿ ಬ್ಯಾಡ. ಅವತ್ತ ಸುಳ್ಳು ಹೇಳಿದ ಜಾಗಾದಾಗ ಖರೇ ಹೇಳು. ನಮ್ಮವ್ವ ಇನ್ನೂ ಅದಾಳ. ಕರಕೊಂಡ ಬರ್ತೇನಿ."

ಆವತ್ತಿನ ಹಿರಿಯರಲ್ಲಿ ಒಬ್ಬರೇ ಉಳಿದಿದ್ದರು. ನನ್ನ ಆಳುಗಳಲ್ಲಿ ಮೂವರು. ನಾಲ್ವರ ಮನೆಗೂ ನಾನೇ ಹೋಗಿ ಕರೆದೆ. ಬ್ಯಾಡಗಿಯ ಅದೇ ಕಟ್ಟೆಯ ಮೇಲೆ ಬೆಳಗಿನ ಹತ್ತಕ್ಕೆ ಕೂಡಿದೆವು. ಅವನು ತಾಯಿಯನ್ನು ಆಟೋದಿಂದ ಎತ್ತಿ ಇಳಿಸಿದ. ತೊಂಬತ್ತರ ಹತ್ತಿರದ ಮುದುಕಿ, ಮೈ ಬಾಗಿ ಮಡಿಚಿದಂತಾಗಿತ್ತು. ಕಿವಿ ಮಾತ್ರ ಚುರುಕಾಗಿದ್ದವು.

"ಅವತ್ತ ನಾ ಮಂಗ್ಯಾನಮಗ ಅನ್ನಲಿಲ್ಲರಿ. ಕೆಟ್ಟ ಮಾತು ಅಂದಿದ್ದೆ" ಎಂದೆ.

ಹಿರಿಯರು ಕೈ ಬೀಸಿದರು. "ಆತು ಬಿಡೋ, ಹಳೇದು. ಒಪ್ಪಿಕೊಂಡೆಲ್ಲ, ಮುಗೀತು. ಚಾ ತರಸ್ರಿ."

"ಏನ್ ಕೆಟ್ಟ ಮಾತು?" ಮುದುಕಿ ಕೇಳಿದಳು.

"ಯವ್ವಾ, ನಿನ್ನ ಮುಂದ ಹೆಂಗ ಅನ್ನಲಿಬೇ?"

"ಅವತ್ತ ನನ್ನ ಮುಂದನ ಅಂದಿದ್ದೆಲ್ಲೋ. ಅನ್ನು."

ದಿನಕ್ಕೆ ಇನ್ನೂರು ಸಲ ಆಡಿದ ಶಬ್ದ ಬಾಯಿಗೆ ಬರಲಿಲ್ಲ. ಅಂಗಳದಲ್ಲಿ ತೊಟ್ಟು ಬಿಡಿಸುತ್ತಿದ್ದ ಹೆಂಗಸರು ನಮ್ಮತ್ತ ತಿರುಗಿದ್ದರು. ಕಣ್ಣು ಮುಚ್ಚಿ ಅಂದೆ. ಪೂರ್ತಿ ಅಂದೆ, ಒಂದು ಅಕ್ಷರ ಬಿಡದೆ.

"ಕೈ ಎಲ್ಲಿ ಮಾಡಿದ್ದಿ?" ಎಂದಳು.

ಬೆರಳು ಎತ್ತಿ ಅವಳತ್ತ ಮಾಡಿದೆ. ಅವಳು ಅದನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಆ ಮೂವರು ಮುದಿ ಹಮಾಲರತ್ತ ತಿರುಗಿ ಒಬ್ಬೊಬ್ಬನನ್ನೇ ಕೇಳಿದಳು: "ಕೇಳಿಸ್ತೇನಪಾ?"

"ಕೇಳಿಸ್ತಬೇ" ಎಂದ ಮೊದಲನೆಯವನು. ಎರಡನೆಯವನೂ ಎಂದ. ಮೂರನೆಯವನು ಅಳುತ್ತ, "ಅವತ್ತೂ ಕೇಳಿಸಿತ್ತ ಯವ್ವಾ" ಎಂದ.

ಹಿರಿಯರು ಹೇಳಿದರು: "ಹಂಗಾರ ತಪ್ಪು ಇವಂದು. ಪ್ಯಾಟಿ ಬಿಡಬೇಕಾದಂವ ಇಂವ ಆಗಿದ್ದ. ನಾವು ತಪ್ಪಿದ್ವಿ."

ಆಗ ಹಲಗೇರಿಯವನು ಎದ್ದು ಬಂದ. ಇದ್ದೊಂದು ಮಬ್ಬುಗಣ್ಣನ್ನು ನನ್ನ ಮೋರೆಯ ಹತ್ತಿರಕ್ಕೆ ತಂದು, ಬಾಯಿ ಎಲ್ಲಿದೆ ಎಂದು ನೋಡಿಕೊಂಡು ಗುದ್ದಿದ. ಅರವತ್ತೈದು ದಾಟಿದರೂ ಚೀಲ ಎತ್ತಿದ ಕೈ ಅದು. ಕೆಳತುಟಿ ಸೀಳಿತು, ಒಂದು ಹಲ್ಲು ನಾಲಿಗೆಯ ಮೇಲೆ ಬಿತ್ತು. ಬಿಡಿಸಲು ಏಳುತ್ತಿದ್ದ ಹಮಾಲನೊಬ್ಬನನ್ನು ಹಿರಿಯರು, "ಕುಂದ್ರು" ಎಂದು ತಡೆದರು. ನಾನು ಮತ್ತೊಂದು ಪೆಟ್ಟಿಗೆ ಕಾದು ನಿಂತೆ. ಅವನು ಹೊಡೆಯಲಿಲ್ಲ. ಬೈಯಲೂ ಇಲ್ಲ. ಕ್ಷಮಿಸಿದೆ ಎಂದೂ ಅನ್ನಲಿಲ್ಲ. ತಾಯಿಯನ್ನು ಎತ್ತಿಕೊಂಡು ಆಟೋದಲ್ಲಿ ಕೂರಿಸಿ ಹೋದ.

ಮಧ್ಯಾಹ್ನ ರಾಣೆಬೆನ್ನೂರಿಗೆ ಬಂದೆ. ಮಗಳು ಬಾಗಿಲಲ್ಲೇ ತುಟಿ ನೋಡಿ ಕಿರುಚಿದಳು. "ಯಾರಪಾ ಹೊಡದವ್ರು? ಯಾಕ ಹೊಡದ್ರು?"

ಒಳಗೆ ಬಂದು ಕುಳಿತೆ. ಹೊಡೆದವನು ಯಾರೆಂದು ಆಮೇಲೆ ಹೇಳಿದೆ. ಮೊದಲು, ನಾನು ಏನಂದಿದ್ದೆ ಎಂಬುದನ್ನು ಹೇಳಿದೆ.